‘ಐವತ್ತು ರೂಪಾಯಿ ದಂಡ’ ಅಂದರೆ ವಾಪಸ್ ಬರಬೇಡಿ: ಪ್ರಾಣಿ ಹಿಂಸೆಗೆ ದೂರು ಕೊಡುವ ದಾರಿ

"ಐವತ್ತು ರೂಪಾಯಿ ದಂಡದ ಕೇಸಿಗೆ ಯಾಕೆ ಇಷ್ಟು ಓಡಾಡ್ತೀರಾ?"

ಕೆಲವು ವರ್ಷದ ಹಿಂದೆ ದಾವಣಗೆರೆಯ ಒಂದು ಠಾಣೆಯಲ್ಲಿ ರೈಟರ್ (ದೂರು ಬರೆದುಕೊಳ್ಳುವ ಪೊಲೀಸ್) ನನ್ನನ್ನು ಕೇಳಿದ ಪ್ರಶ್ನೆ ಇದು. ನಮ್ಮ ಬೀದಿಯಲ್ಲಿ ಮೂರು ಮನೆಯ ಅನ್ನ ತಿಂದು ಬೆಳೆದ ನಾಯಿಗೆ ಯಾರೋ ವಿಷ ಹಾಕಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ವಾಪಸ್ ಬಂದೆ.

ಅವರು ಸುಳ್ಳು ಹೇಳಿರಲಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಅಷ್ಟೇ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಶಕಗಳಿಂದ ಈ ಗರಿಷ್ಠ ಮೊತ್ತ ಬದಲಾಗಿಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತು. ಇನ್ನರ್ಧ ನನಗೆ ಗೊತ್ತಿರಲಿಲ್ಲ. ಇನ್ನೂ ದೊಡ್ಡ ತಪ್ಪು ನನ್ನದೇ. ನಾನು ಠಾಣೆಗೆ ಹೋಗುವ ಹೊತ್ತಿಗೆ ಕಸದ ಗಾಡಿ ನಾಯಿಯ ದೇಹ ಎತ್ತಿಕೊಂಡು ಹೋಗಿಯಾಗಿತ್ತು. ಪೋಸ್ಟ್‌ಮಾರ್ಟಂ ಇಲ್ಲ, ವಿಷದ ಸ್ಯಾಂಪಲ್ ಇಲ್ಲ, ಮೊಬೈಲ್‌ನಲ್ಲಿ ಎರಡು ಫೋಟೊ. ರೈಟರ್‌ಗೆ ಮನಸ್ಸಿದ್ದರೂ ಏನಂತ ಬರೆಯಬೇಕಿತ್ತು?

ಆಮೇಲೆ ದಾವಣಗೆರೆ, ಚಿತ್ರದುರ್ಗದ ಕಡೆ ನಾಲ್ಕಾರು ಜನರ ದೂರುಗಳಿಗೆ ಜೊತೆಗೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜೀವ, ಆಮೇಲೆ ಕೇಸು

ಮೂರು ನಂಬರ್ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ಹಿಂಸೆ ಕಣ್ಣೆದುರೇ ನಡೀತಾ ಇದ್ದರೆ 112, ಪೊಲೀಸ್. ದನ, ಎಮ್ಮೆ, ಕುರಿ, ಮೇಕೆಗೆ ತುರ್ತು ಚಿಕಿತ್ಸೆ ಬೇಕಿದ್ದರೆ 1962, ಪಶು ಸಂಜೀವಿನಿ ಆಂಬುಲೆನ್ಸ್. ಕಾಡುಪ್ರಾಣಿ, ನವಿಲು, ಹಾವು, ಕೋತಿ ಆದರೆ 1926, ಅರಣ್ಯ ಇಲಾಖೆ. 112ಕ್ಕೆ ಮಾಡಿದ ಕರೆ ದಾಖಲಾಗುತ್ತದೆ. ಅದೇ ನಿಮ್ಮ ಮೊದಲ ಸಾಕ್ಷ್ಯ. ಹಾಗಾಗಿ ಗುರುತಿರುವ ಪೇದೆಯ ಮೊಬೈಲ್‌ಗೆ ಕರೆ ಮಾಡುವುದಕ್ಕಿಂತ ಇದು ಒಳ್ಳೆಯದು.

ವಿಷ ತಿಂದ ನಾಯಿಯ ಬಾಯಲ್ಲಿ ನೊರೆ ಬರುತ್ತದೆ, ಮೈ ನಡುಗುತ್ತದೆ. ಆಗ ಮಜ್ಜಿಗೆ, ಉಪ್ಪುನೀರು, ಹುಣಸೆ ನೀರು ಅಂತ ಕುಡಿಸಲು ಹೋಗಬೇಡಿ. ನಡುಗುವ ನಾಯಿಗೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮ ಕಡೆ ಹೊಲಕ್ಕೆ ಹಾಕುವ ಕೀಟನಾಶಕದ ಗುಳಿಗೆಯನ್ನೇ ಅನ್ನಕ್ಕೋ ಕೋಳಿ ತುಂಡಿಗೋ ಬೆರೆಸುವುದು ಜಾಸ್ತಿ. ಅದರಲ್ಲಿ ಕೆಲವಕ್ಕೆ ಪಶುವೈದ್ಯರ ಹತ್ತಿರ ಅಟ್ರೋಪಿನ್ ಇಂಜೆಕ್ಷನ್ ಇರುತ್ತದೆ. ಎಷ್ಟು ಬೇಗ ಆಸ್ಪತ್ರೆ ಮುಟ್ಟಿಸುತ್ತೀರೋ ಅಷ್ಟು ಒಳ್ಳೆಯದು. ಬರಿಗೈಯಲ್ಲಿ ಮುಟ್ಟಬೇಡಿ. ನೋವಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ಹೈವೇಯಲ್ಲಿ ದನ ತುಂಬಿದ ಲಾರಿ ಕಂಡರೆ ಅಡ್ಡ ಹಾಕಬೇಡಿ. ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವವರಿಗೆ ಈ ಮಾತು ಒತ್ತಿ ಹೇಳುತ್ತೇನೆ. ಗಾಡಿ ನಂಬರ್, ಹೋಗುತ್ತಿರುವ ದಿಕ್ಕು, ದಾಟಿದ ಟೋಲ್ ಇಷ್ಟನ್ನು 112ಕ್ಕೆ ಹೇಳಿ, ಸಾಕು. ಚಾಲಕನನ್ನು ಇಳಿಸಿ ಪ್ರಶ್ನೆ ಮಾಡುವ, ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಹಾಗೆ ಮಾಡಿದವರ ಮೇಲೆಯೇ ಕೇಸಾಗುತ್ತದೆ, ಆಗಬೇಕು ಕೂಡ. ಸಂತೆಯಿಂದ ಕಾಗದಪತ್ರ ಸರಿಯಾಗಿ ಇಟ್ಟುಕೊಂಡು ಎತ್ತು ಹೊಡೆದುಕೊಂಡು ಬರುವ ರೈತರೂ ಅದೇ ದಾರಿಯಲ್ಲಿ ಇರುತ್ತಾರೆ, ಅಲ್ವಾ?

ದೇಹ ಹೂಳಬೇಡಿ

ಪ್ರಾಣಿ ಸತ್ತರೆ ನಮ್ಮಲ್ಲಿ ಮೊದಲು ಬರುವ ಯೋಚನೆ ಗುಂಡಿ ತೆಗೆದು ಉಪ್ಪು ಹಾಕಿ ಮಣ್ಣು ಮಾಡುವುದು. ತಡೆಯಿರಿ. ಕೇಸು ನಿಲ್ಲುವುದೂ ಬೀಳುವುದೂ ಇಲ್ಲೇ.

ಪಾಲಿಕೆಯ ಗಾಡಿ ಬಂದರೆ "ಪೊಲೀಸ್ ದೂರು ಇದೆ, ಪೋಸ್ಟ್‌ಮಾರ್ಟಂ ಆಗಬೇಕು" ಎಂದು ಹೇಳಿ. ದೇಹವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನೆರಳಲ್ಲಿಡಿ, ಸುತ್ತ ಐಸ್ ಇಡಿ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಅರ್ಧ ದಿನ ಕಳೆದರೆ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಪೋಸ್ಟ್‌ಮಾರ್ಟಂ ಸರ್ಕಾರಿ ಪಶುವೈದ್ಯರಿಂದಲೇ ಆಗಲಿ. ಅದಕ್ಕೆ ಠಾಣೆಯಿಂದ ಒಂದು ಕೋರಿಕೆ ಪತ್ರ ಬೇಕು. ಹಾಗಾಗಿ ದೂರು ಮತ್ತು ಪೋಸ್ಟ್‌ಮಾರ್ಟಂ ಎರಡೂ ಅದೇ ದಿನ ನಡೆಯಬೇಕು. ವಿಷದ ಅನುಮಾನ ಇದ್ದರೆ ಹೊಟ್ಟೆ, ಯಕೃತ್ತು, ಮೂತ್ರಪಿಂಡದ ಸ್ಯಾಂಪಲ್ ತೆಗೆದು ಸೀಲ್ ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಸಲ ‘ಸಾವಿಗೆ ಕಾರಣ: ಉಸಿರುಗಟ್ಟಿ’ ಎಂದು ಬರೆದು ಮುಗಿಸುತ್ತಾರೆ. ಉಸಿರು ಯಾಕೆ ಕಟ್ಟಿತು ಎಂಬುದೇ ಅಲ್ವಾ ನಮ್ಮ ಪ್ರಶ್ನೆ?

ವಾಂತಿ, ಅರ್ಧ ತಿಂದ ಅನ್ನ, ಕಾಗದದ ಪೊಟ್ಟಣ ಬಿದ್ದಿದ್ದರೆ ಅಲ್ಲಿಯೇ ಫೋಟೊ ತೆಗೆದು ಕಾಯಿರಿ. ಪೊಲೀಸರು ಬಂದು ಪಂಚರ ಎದುರು ಮಹಜರು ಮಾಡಿ ತೆಗೆದುಕೊಂಡರೆ ಅದಕ್ಕೆ ಬೆಲೆ. ಅವರು ಬರುವುದು ತೀರಾ ತಡವಾಗಿ, ಕೋಳಿಯೋ ಮಕ್ಕಳೋ ಮುಟ್ಟುವ ಭಯ ಇದ್ದರೆ ಮಾತ್ರ ಕೈಗವಸು ಹಾಕಿ, ವಿಡಿಯೊ ಮಾಡುತ್ತಲೇ, ಶುದ್ಧ ಬಾಟಲಿಗೆ ತುಂಬಿ ಮುಚ್ಚಿಡಿ.

ಇನ್ನು ವಿಡಿಯೊ. ಜಾಗ ಗುರುತಾಗುವ ಹಾಗೆ ಅಂಗಡಿಯ ಬೋರ್ಡೋ ವಿದ್ಯುತ್ ಕಂಬದ ನಂಬರೋ ಒಂದು ಸಲ ಕಾಣಲಿ. ನೀವು ಹಿಂದಿನಿಂದ ಬೈಯುವ ದನಿ ಬೇಡ. ಮೂಲ ಫೈಲ್ ಫೋನಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿ ಕಳಿಸಿದ ವಿಡಿಯೊ ಕುಗ್ಗುತ್ತದೆ, ಅದರೊಳಗಿನ ಸಮಯ, ಜಾಗದ ಮಾಹಿತಿ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಕೋರ್ಟಿಗೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಯಾವ ಫೋನಿನಲ್ಲಿ, ಯಾವಾಗ ತೆಗೆದದ್ದು ಎಂದು ಅದರಲ್ಲಿ ನೀವೇ ಸಹಿ ಹಾಕಬೇಕು. ಹಾಗಾಗಿ ಕೇಸು ಮುಗಿಯುವವರೆಗೆ ಆ ಫೋನ್ ಮಾರಬೇಡಿ. ಪಕ್ಕದ ಅಂಗಡಿಯ ಸಿಸಿಟಿವಿ ಇದ್ದರೆ ಅವತ್ತೇ ಹೋಗಿ ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರಲು ಜಾಸ್ತಿ ದಿನ ಬೇಕಿಲ್ಲ.

ಅನುಮಾನ ಇರುವ ವ್ಯಕ್ತಿಯ ಫೋಟೊ, ಹೆಸರು ಸ್ಟೇಟಸ್‌ಗೆ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಗಿತ್ತು. ಹಾಕಿದರೆ ಮಾನಹಾನಿ ಕೇಸು ನಿಮ್ಮ ಮೇಲೆ ತಿರುಗುತ್ತದೆ. ಸಾಕ್ಷಿ ಹೇಳಲು ಒಪ್ಪಿದ್ದ ಪಕ್ಕದ ಮನೆಯವರೂ ‘ನಮಗ್ಯಾಕೆ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಐವತ್ತು ರೂಪಾಯಿಯ ಆಚೆ

ಈಗ ಆ ಇನ್ನರ್ಧ ಮಾತಿಗೆ ಬರೋಣ. ಕಾನೂನಿನಲ್ಲಿ ಎರಡು ಥರದ ಅಪರಾಧ. ಒಂದರಲ್ಲಿ ಪೊಲೀಸರು ನೇರ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದು. ಇನ್ನೊಂದರಲ್ಲಿ ಬರೀ ಎನ್‌ಸಿಆರ್ (ತನಿಖೆಯಿಲ್ಲದ ದಾಖಲು) ಬರೆದುಕೊಂಡು "ಕೋರ್ಟಿಗೆ ಹೋಗಿ" ಎನ್ನುತ್ತಾರೆ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಇಲ್ಲ. 1960ರ ಕಾಯ್ದೆಯ 11ನೇ ಸೆಕ್ಷನ್‌ನ ಬಹುಪಾಲು ಎರಡನೆಯ ಗುಂಪಿಗೆ ಸೇರುತ್ತದೆ. ಹೊಡೆಯುವುದು, ಅತಿ ಭಾರ ಹೇರುವುದು, ಗಾಯದ ಎತ್ತನ್ನು ದುಡಿಸುವುದು, ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಮೇವು ನೀರು ಕೊಡದಿರುವುದು, ಸಾಕಿ ಬೀದಿಗೆ ಬಿಡುವುದು ಎಲ್ಲ ಇದರಲ್ಲೇ.

ಆದರೆ ಅದೇ ಕಾಯ್ದೆಯ 31ನೇ ಸೆಕ್ಷನ್ ನೋಡಿ. 11(1)ರ ‘ಎಲ್’, ‘ಎನ್’, ‘ಒ’ ಉಪವಿಭಾಗಗಳು ಮತ್ತು 12ನೇ ಸೆಕ್ಷನ್, ಇಷ್ಟಕ್ಕೆ ಪೊಲೀಸರು ನೇರವಾಗಿ ಕ್ರಮ ತೆಗೆದುಕೊಳ್ಳಬಹುದು. ‘ಎಲ್’ ಎಂದರೆ ಪ್ರಾಣಿಯ ಅಂಗ ಊನ ಮಾಡುವುದು, ಅಥವಾ ಅನಗತ್ಯ ಕ್ರೌರ್ಯದಿಂದ ಕೊಲ್ಲುವುದು. ಬೀದಿ ನಾಯಿಯೂ ಸೇರುತ್ತದೆ ಎಂದು ಅದರಲ್ಲೇ ಬರೆದಿದೆ. ‘ಎನ್’ ಎಂದರೆ ಕೋಳಿ ಜೂಜಿನಂಥ ಪ್ರಾಣಿ ಕಾಳಗಕ್ಕೆ ಜಾಗ ಕೊಡುವುದು, ಅದನ್ನು ನಡೆಸುವುದು. 12ನೇ ಸೆಕ್ಷನ್ ಹಾಲು ಜಾಸ್ತಿ ಬರಲೆಂದು ಹಸು, ಎಮ್ಮೆಗೆ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದಕ್ಕೆ. ಅದಕ್ಕೆ ಸಾವಿರ ರೂಪಾಯಿವರೆಗೆ ದಂಡ ಇಲ್ಲವೇ ಎರಡು ವರ್ಷದವರೆಗೆ ಜೈಲು, ಪ್ರಾಣಿಯೂ ಸರ್ಕಾರಕ್ಕೆ.

ಇನ್ನೂ ಗಟ್ಟಿಯಾದದ್ದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ಕ್ಕೆ ಮೊದಲು ಐಪಿಸಿಯ 428, 429 ಇದ್ದವು. ಅಲ್ಲಿ ಪ್ರಾಣಿಗೆ ಹತ್ತು ರೂಪಾಯಿ ಬೆಲೆ, ಐವತ್ತು ರೂಪಾಯಿ ಬೆಲೆ ಎಂಬ ಲೆಕ್ಕ ಇತ್ತು. ಈಗ ಬೆಲೆಯ ಮಾತೇ ಇಲ್ಲ. ಒಂದು ತೊಡಕಿದೆ. ಈ ಸೆಕ್ಷನ್‌ಗೆ ಯಾರಿಗಾದರೂ ಅಥವಾ ಸಾರ್ವಜನಿಕರಿಗೆ ನಷ್ಟ ಮಾಡುವ ಉದ್ದೇಶ, ಇಲ್ಲವೇ ನಷ್ಟ ಆಗಬಹುದೆಂಬ ಅರಿವು ತೋರಿಸಬೇಕು. "ಬೀದಿ ನಾಯಿ ಯಾರ ಆಸ್ತಿ ಸ್ವಾಮಿ?" ಎಂದು ಆರೋಪಿಯ ವಕೀಲರು ಕೇಳೇ ಕೇಳುತ್ತಾರೆ. ಅದಕ್ಕೆ ದೂರಿನಲ್ಲೇ ಬರೆಯಿರಿ: ಯಾರು ಊಟ ಹಾಕುತ್ತಿದ್ದರು, ಯಾರು ಲಸಿಕೆ ಹಾಕಿಸಿದ್ದರು, ಪಾಲಿಕೆ ಸಂತಾನಹರಣ ಮಾಡಿಸಿ ಕಿವಿ ಕತ್ತರಿಸಿದ ಗುರುತಿತ್ತೇ. ಜೊತೆಗೆ 11(1)(ಎಲ್) ಕೂಡ ಸೇರಿಸಿ, ಅದಕ್ಕೆ ಮಾಲೀಕರ ಪ್ರಶ್ನೆಯೇ ಬರುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಇನ್ನೊಂದು ವಿಷಯ: ಒಂದೇ ಘಟನೆಯಲ್ಲಿ ಹಲವು ಅಪರಾಧ ಇದ್ದು, ಅದರಲ್ಲಿ ಒಂದಾದರೂ ಎಫ್‌ಐಆರ್ ಹಾಕಬಹುದಾದದ್ದಾದರೆ ಇಡೀ ಕೇಸನ್ನೇ ಹಾಗೆ ನಡೆಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174(4) ಇದನ್ನೇ ಹೇಳುತ್ತದೆ. ಐವತ್ತು ರೂಪಾಯಿ ದಂಡದ ಸೆಕ್ಷನ್ 325ರ ಜೊತೆ ಕೂತರೆ ಅದಕ್ಕೂ ತನಿಖೆ ಆಗುತ್ತದೆ.

ಕಾಡುಪ್ರಾಣಿಯ ದಾರಿಯೇ ಬೇರೆ. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ, ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಮುತ್ತ ಉರುಳು, ನಾಡಬಾಂಬ್ ಕಂಡರೆ ನೇರ ಅರಣ್ಯ ಇಲಾಖೆಗೆ ಹೇಳಿ. 1972ರ ವನ್ಯಜೀವಿ ಕಾಯ್ದೆಯ ಶಿಕ್ಷೆ ಇದಕ್ಕಿಂತ ಬಹಳ ಕಠಿಣ. ಪಂಜರದ ಗಿಳಿಯೂ ಅದರೊಳಗೇ ಬರುತ್ತದೆ, ಅಜ್ಜಿ ಸಾಕಿದ್ದಾದರೂ.

ದೂರಿನ ಕಾಗದ

ಕನ್ನಡದಲ್ಲೇ ಬರೆಯಿರಿ, ಒಂದೇ ಪುಟ ಇರಲಿ. ಭಾವನೆ ಕಮ್ಮಿ, ಗಂಟೆ ನಿಮಿಷ ಜಾಸ್ತಿ. ಹೀಗೆ:

"ಇವರಿಗೆ, ಠಾಣಾಧಿಕಾರಿಗಳು, ______ ಪೊಲೀಸ್ ಠಾಣೆ, ದಾವಣಗೆರೆ. ವಿಷಯ: ನಾಯಿಗೆ ವಿಷ ಹಾಕಿ ಕೊಂದ ಬಗ್ಗೆ ದೂರು. ದಿನಾಂಕ ______ರಂದು ಬೆಳಿಗ್ಗೆ ಸುಮಾರು 6.40ಕ್ಕೆ ______ನೇ ಅಡ್ಡರಸ್ತೆಯಲ್ಲಿ ನಾನು ಕಂಡದ್ದು ಏನೆಂದರೆ ______. ಸ್ಥಳದಲ್ಲಿದ್ದ ಇತರರು ______. ಈ ನಾಯಿಗೆ ______ ವರ್ಷದಿಂದ ನಾವು ಊಟ ಹಾಕುತ್ತಿದ್ದು, ಲಸಿಕೆಯ ಚೀಟಿ ಲಗತ್ತಿಸಿದೆ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 325 ಹಾಗೂ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಸೆಕ್ಷನ್ 11(1)(ಎ), 11(1)(ಎಲ್) ಅಡಿ ಪ್ರಕರಣ ದಾಖಲಿಸಿ, ಮೃತದೇಹದ ಪೋಸ್ಟ್‌ಮಾರ್ಟಂ ಮತ್ತು ರಾಸಾಯನಿಕ ಪರೀಕ್ಷೆಗೆ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ."

ಕಣ್ಣಾರೆ ಕಂಡದ್ದು ಬೇರೆ, ಅನುಮಾನ ಬೇರೆ. ಹಾಕಿದ್ದನ್ನು ನೋಡಿಲ್ಲದಿದ್ದರೆ ‘ಇಂಥವರ ಮೇಲೆ ಅನುಮಾನ ಇದೆ, ಕಾರಣ ಇದು’ ಎಂದೇ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೂ ದೂರು ನಡೆಯುತ್ತದೆ, ‘ಅಪರಿಚಿತರು’ ಎಂದರೆ ಸಾಕು.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕು. ಹೋಗಲು ಆಗದಿದ್ದರೆ ಇಮೇಲ್‌ನಲ್ಲೂ ದೂರು ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಎಂಬುದೂ ಈಗ ನೆಪವಾಗುವುದಿಲ್ಲ. ಜೀರೊ ಎಫ್‌ಐಆರ್ ಹಾಕಿ ಅವರೇ ಕಳಿಸಬೇಕು.

ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುತ್ತೇವೆ ಎಂದರೆ ಅದು ಕಾನೂನಿನಲ್ಲಿದೆ, ಒಪ್ಪಿಕೊಳ್ಳಿ. "ಆಮೇಲೆ ನೋಡೋಣ" ಎಂಬುದು ಕಾನೂನಿನಲ್ಲಿಲ್ಲ. ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ (ಯಾಕೆ ತೆಗೆದುಕೊಳ್ಳಲಿಲ್ಲ ಎಂಬ ಉತ್ತರ) ಕೊಡಿ ಎಂದು ಕೇಳಿ. ಜಗಳ ಬೇಡ, ಕುರ್ಚಿ ಮೇಲೆ ಕೂತು ನಿಧಾನವಾಗಿ ಕೇಳಿ. ಹಿಂಬರಹ ಬರವಣಿಗೆಯಲ್ಲಿ ಕೊಡಬೇಕು ಎನ್ನುವಾಗಲೇ ಅರ್ಧ ಕೇಸುಗಳು ದಾಖಲಾಗಿಬಿಡುತ್ತವೆ, ಇದು ನನ್ನ ಅನುಭವ. ಆಗಲೂ ಆಗದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಂದಲೂ ಏನೂ ಬರದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ನಾಗರಿಕ ಸುರಕ್ಷಾ ಸಂಹಿತೆಯ 175(3)ರ ಅಡಿ. ಠಾಣೆ ಮತ್ತು ಎಸ್‌ಪಿ ಎರಡೂ ಮೆಟ್ಟಿಲು ಹತ್ತಿದ ಕಾಗದ ಇಲ್ಲದೆ ಈ ಮೂರನೆಯದು ಹತ್ತಲು ಬರುವುದಿಲ್ಲ.

ವಕೀಲರ ಫೀಸಿಗೆ ಹಿಂಜರಿಕೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಒಂದು ಗಡುವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. 1960ರ ಕಾಯ್ದೆಯ ಅಪರಾಧಕ್ಕೆ ಘಟನೆ ನಡೆದ ಮೂರು ತಿಂಗಳೊಳಗೆ ಕೇಸು ಹೂಡಬೇಕು. ಅದರ 36ನೇ ಸೆಕ್ಷನ್. ಠಾಣೆಗೆ ಅಲೆಯುತ್ತಲೇ ಈ ಮೂರು ತಿಂಗಳು ಕಳೆದುಹೋದವರನ್ನು ನೋಡಿದ್ದೇನೆ. 325ಕ್ಕೆ ಈ ಗಡುವು ಇಲ್ಲ.

ನಮ್ಮೂರಲ್ಲಿ ಎದುರಾಗುವ ಕೆಲವು ಸಂದರ್ಭ

ಎಪಿಎಂಸಿ ಕಡೆ ಮೂಟೆ ಹೇರಿದ ಎತ್ತಿನ ಗಾಡಿ. 1965ರ ನಿಯಮದ ಪ್ರಕಾರ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ಕೋಲಿಗೆ ಮೊಳೆ ಹೊಡೆದು ಚುಚ್ಚುವಂತಿಲ್ಲ. ಇಲ್ಲಿ ನನ್ನ ಸಲಹೆ ಬೇರೆ: ಮೊದಲು ಮಾತಾಡಿ. ಗಾಡಿಯವನ ಹೊಟ್ಟೆಪಾಡೂ ಆ ಎತ್ತಿನ ಮೇಲೇ ಇದೆ. ಸಾಧ್ಯವಾದರೆ 1962ಕ್ಕೆ ಕರೆ ಮಾಡಿ ಹೆಗಲ ಹುಣ್ಣಿಗೆ ಮದ್ದು ಹಾಕಿಸಿ. ಮಾತಿಗೆ ಬಗ್ಗದವರಿಗೆ ದೂರು. ಮೂಟೆ ಹೇರಿಸುವ ಮಾಲೀಕನ ಹೆಸರೂ ಅದರಲ್ಲಿ ಇರಲಿ.

ಸಾಗಣೆ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ, ಪಶುವೈದ್ಯರ ಪ್ರಮಾಣಪತ್ರ ಇರಬೇಕು. 2020ರ ರಾಜ್ಯದ ಜಾನುವಾರು ಕಾಯ್ದೆಯೂ ಇಲ್ಲಿ ಬರುತ್ತದೆ. ಪರಿಶೀಲನೆ ಪೊಲೀಸರ ಕೆಲಸ, ನಿಮ್ಮದು ಫೋನ್ ಮಾಡುವುದಷ್ಟೇ.

ಜಾತ್ರೆಯ ಬಲಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಕೋಣದ ಬಲಿಯ ಮಾತು ಏಳುತ್ತದೆ. ಇಲ್ಲಿ ಬಹಳ ಜನ ತಪ್ಪು ಕಾಯ್ದೆ ಹಿಡಿಯುತ್ತಾರೆ. ಧರ್ಮದ ಪದ್ಧತಿಯಂತೆ ಕೊಲ್ಲುವುದು 1960ರ ಕೇಂದ್ರ ಕಾಯ್ದೆಯಲ್ಲಿ ಅಪರಾಧ ಅಲ್ಲ, 28ನೇ ಸೆಕ್ಷನ್ ಅದನ್ನು ಹೊರಗಿಟ್ಟಿದೆ. ದೇವಸ್ಥಾನ ಮತ್ತು ಅದರ ಆವರಣದ ಬಲಿಯನ್ನು ತಡೆಯುವುದು 1959ರ ಕರ್ನಾಟಕ ಪ್ರಾಣಿ ಬಲಿ ತಡೆ ಕಾಯ್ದೆ. ಬಲಿ ಆದ ಮೇಲೆ ವಿಡಿಯೊ ಹಿಡಿದು ಓಡುವುದಕ್ಕಿಂತ, ಜಾತ್ರೆಗೆ ಒಂದೆರಡು ವಾರ ಮೊದಲೇ ಜಿಲ್ಲಾಧಿಕಾರಿ, ತಹಶೀಲ್ದಾರ್ ಮತ್ತು ಠಾಣೆಗೆ ಲಿಖಿತ ಮನವಿ ಕೊಡುವುದು ಕೆಲಸಕ್ಕೆ ಬರುತ್ತದೆ. ರಾತ್ರಿ ಹೊತ್ತು ಜನಜಂಗುಳಿ ನಡುವೆ ಒಬ್ಬರೇ ಹೋಗಿ ತಡೆಯಬೇಡಿ.

ಬೀದಿ ನಾಯಿ ತೊಂದರೆ ಕೊಡುತ್ತಿದ್ದರೆ? ಅದೂ ನಿಜವಾದ ಕಷ್ಟವೇ. ಮಗುವಿಗೆ ಕಚ್ಚಿದ ಮನೆಯವರ ಮುಂದೆ ಕಾಯ್ದೆ ಓದಬೇಡಿ. ಪಾಲಿಕೆಗೆ ದೂರು ಕೊಡಿಸಿ, 2023ರ ನಿಯಮದ ಪ್ರಕಾರ ಸಂತಾನಹರಣ ಮತ್ತು ಲಸಿಕೆ ಅವರ ಹೊಣೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಆಶ್ರಯಕ್ಕೆ ಸೇರಿಸುವ ಮಾತು, ವಿಷ ಹಾಕಲು ಪರವಾನಗಿ ಅಲ್ಲ.

ಎಫ್‌ಐಆರ್ ಆದ ಮೇಲೆ

325 ಜಾಮೀನು ಸಿಗುವ ಅಪರಾಧ. ಆರೋಪಿ ಅವತ್ತೇ ಸಂಜೆ ಬೀದಿಯಲ್ಲಿ ಓಡಾಡುತ್ತಿದ್ದರೆ ಕೇಸು ಬಿದ್ದುಹೋಯಿತು ಎಂದುಕೊಳ್ಳಬೇಡಿ.

ಬದುಕಿರುವ ಪ್ರಾಣಿ ಆದರೆ ಅದು ಎಲ್ಲಿರಬೇಕು ಎಂಬುದು ದೊಡ್ಡ ಪ್ರಶ್ನೆ. 2017ರ ನಿಯಮದಂತೆ ಕೇಸು ಮುಗಿಯುವವರೆಗೆ ಗೋಶಾಲೆಗೋ ಪ್ರಾಣಿ ದಯಾ ಸಂಸ್ಥೆಗೋ ಒಪ್ಪಿಸಲು ಕೋರ್ಟನ್ನು ಕೇಳಬಹುದು. ಮೇವಿನ ಖರ್ಚು ಮಾಲೀಕನಿಂದಲೇ ವಸೂಲಾಗುತ್ತದೆ. ಕೇಳುವವರು ಇಲ್ಲದಿದ್ದರೆ ಎತ್ತು ಹೊಡೆದವನ ಕೊಟ್ಟಿಗೆಗೇ ವಾಪಸ್ ಹೋಗುತ್ತದೆ. ಶಿಕ್ಷೆಯಾದರೆ ಪ್ರಾಣಿಯ ಒಡೆತನವನ್ನೇ ಕಿತ್ತುಕೊಳ್ಳಲು 29ನೇ ಸೆಕ್ಷನ್ ಇದೆ, ಸರ್ಕಾರಿ ವಕೀಲರಿಗೆ ನೆನಪಿಸಿ.

ತಿಂಗಳಿಗೊಮ್ಮೆ ತನಿಖಾಧಿಕಾರಿಯನ್ನು ಭೇಟಿ ಮಾಡಿ. ಲ್ಯಾಬ್ ವರದಿ ಬಂತೇ, ಆರೋಪಪಟ್ಟಿ ಹಾಕಿದರೇ ಎಂದು ಕೇಳಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಮ್ಮಂಥ ಮಾತುಗಾರರಿಗೆ ಅದೇ ಕಷ್ಟ.

ನಾನು ಜೊತೆಗೆ ಹೋದ ಇತ್ತೀಚಿನ ದೂರು ಒಂದು ಹೆಣ್ಣು ನಾಯಿಯದು. ಬೆಳಿಗ್ಗೆ ಏಳಕ್ಕೆ ಸತ್ತಿತು, ಹತ್ತಕ್ಕೆ ಠಾಣೆ, ಮಧ್ಯಾಹ್ನ ಎರಡಕ್ಕೆ ಪೋಸ್ಟ್‌ಮಾರ್ಟಂ. ರೈಟರ್ ಬೇರೆಯವರು, ಪ್ರಶ್ನೆ ಅದೇ: "ಐವತ್ತು ರೂಪಾಯಿ ದಂಡ ಅಲ್ವಾ ಇದಕ್ಕೆ?" ದೂರು ಕೊಟ್ಟ ಹುಡುಗಿ ಕಾಗದದಲ್ಲಿ 325 ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಅವರು ಓದಿದರು, ಕಂಪ್ಯೂಟರ್ ಕಡೆ ತಿರುಗಿದರು. "ನಾಯಿಗೆ ಹೆಸರು ಇತ್ತೇನಮ್ಮಾ?" ಎಂದು ಕೇಳಿದರು.